ಶಾಲನ್ನು ಆಷಾಢದಲ್ಲಿ ಹೊದಿಸಿ

ಪ್ರಶ್ನೆ: ನಮ್ಮ ಹವ್ಯಾಸಿ ಖಗೋಳ ಸಂಘದಲ್ಲಿ ಇಬ್ಬರು ಹಿರಿಯರಿದ್ದಾರೆ. 2004ರ ಶುಕ್ರ ಸಂಕ್ರಮದಿಂದ (ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋದದ್ದು) ಈವರೆಗೆ ಟೆಲಿಸ್ಕೋಪ್ ಹೊತ್ತು ಊರೂರಿನ ಶಾಲೆಗಳಿಗೆ ಹೋದವರು ಒಬ್ಬರು. ಲೆಕ್ಕಪತ್ರ, ಮಕ್ಕಳ ಸಾಲು, ಫ್ಲಾಸ್ಕಿನ ಕಾಫಿ ನೋಡಿಕೊಂಡ ಅಕ್ಕ ಇನ್ನೊಬ್ಬರು. ಬರುವ ಜನವರಿಯಲ್ಲಿ ಸನ್ಮಾನ ಮಾಡಬೇಕೆಂದಿದ್ದೇವೆ. ಟೆಲಿಸ್ಕೋಪಿನವರು ‘ನನಗೇನೂ ಬೇಡ’ ಎನ್ನುತ್ತಾರೆ. ದುಡ್ಡು ಕಟ್ಟಿದರೆ ನಕ್ಷತ್ರಕ್ಕೆ ಅವರ ಹೆಸರು ಇಡುತ್ತಾರಂತೆ. ಕಟ್ಟೋಣವೇ?
- ಕಾರ್ಯದರ್ಶಿ, ತೀರ್ಥಹಳ್ಳಿ

ಉತ್ತರ: ಖಂಡಿತ ಕಟ್ಟಬೇಡಿ. ದುಡ್ಡಿಗೆ ಸಿಗುವ ನಕ್ಷತ್ರದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಬಹುದು, ಅಷ್ಟೇ. ಹೆಸರುಗಳನ್ನು ಅಂಗೀಕರಿಸುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ಅದು ಹೆಸರು ಮಾರುವುದಿಲ್ಲ. ಕ್ಷುದ್ರಗ್ರಹಗಳಿಗೆ ವ್ಯಕ್ತಿಗಳ ಹೆಸರಿಡುವುದುಂಟು, 2596ನೆಯದಕ್ಕೆ ನಮ್ಮ ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಹೆಸರಿದೆ. ಆದರೆ ಹೆಸರು ಸೂಚಿಸುವ ಹಕ್ಕು ಅದನ್ನು ಕಂಡುಹಿಡಿದವರದು.

ಇನ್ನು ಜನವರಿಯ ಮಾತು. ನಮ್ಮ ಮಲೆನಾಡಿನಲ್ಲಿ ಜೂನ್‌ನಲ್ಲಿ ಮುಚ್ಚಿದ ಆಕಾಶ ಮಳೆಗಾಲ ಕಳೆಯುವವರೆಗೆ ಸರಿಯಾಗಿ ತೆರೆಯುವುದಿಲ್ಲ. ಆಮೇಲೆ ಸಿಗುವ ಅಮಾವಾಸ್ಯೆಯ ಆಸುಪಾಸಿನ ಚಳಿರಾತ್ರಿಗಳು ಬೆರಳೆಣಿಕೆಯವು. ಅಂಥ ರಾತ್ರಿ, ಮಹಾವ್ಯಾಧ ನಕ್ಷತ್ರಪುಂಜ ನೆತ್ತಿಗೇರುತ್ತಿರುವಾಗ, ಆ ಮನುಷ್ಯನನ್ನು ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ ಭಾಷಣ ಕೇಳಿಸುತ್ತೀರಾ? ಆಷಾಢದಲ್ಲಿ ಮಾಡಿ. ಮದುವೆ ಮುಂಜಿ ಇರುವುದಿಲ್ಲ, ಛತ್ರವೂ ಅಗ್ಗಕ್ಕೆ ಸಿಗುತ್ತದೆ.

ನನ್ನ ಕಪಾಟಿನಲ್ಲಿ ಹದಿನಾಲ್ಕು ಶಾಲುಗಳು ನುಸಿಗುಳಿಗೆಯ ವಾಸನೆ ಹೊಡೆಯುತ್ತ ಕುಳಿತಿವೆ. ಯಾವುದು ಯಾವ ಊರಿನದೆಂದು ಕೇಳಿದರೆ ಹೇಳಲಾರೆ. ಮೇಷ್ಟರ ಕೆಲಸದಿಂದ ನಿವೃತ್ತನಾದ ದಿನದ್ದು ಒಂದು ಮಾತ್ರ ನೆನಪಿದೆ: ಹೊಸದಾಗಿ ಬಂದ ಹುಡುಗ ಪ್ರಯೋಗಾಲಯದ ಬೀಗದ ಕೈ ಈಸಿಕೊಂಡು, “ಆ ಆಸಿಡ್ ಬಾಟಲಿಗಳನ್ನು ಹೇಗೆ ಜೋಡಿಸುತ್ತಿದ್ದಿರಿ, ತೋರಿಸಿ ಸಾರ್” ಎಂದ. ಹಾರ ತುರಾಯಿ ಕೈಯಲ್ಲೇ ಇತ್ತು. ಒಂದು ಗಂಟೆ ತೋರಿಸಿದೆ.

ನೀವೂ ಹಾಗೆ ಕೇಳಿ. ಮಳೆಗಾಲದಲ್ಲಿ ಟೆಲಿಸ್ಕೋಪಿನ ಕನ್ನಡಿಗೆ ಬೂಷ್ಟು ಹಿಡಿಯದಂತೆ ಅವರು ಇಷ್ಟು ವರ್ಷ ಹೇಗೆ ಕಾಪಾಡಿದರು? ತೇವ ಹೀರುವ ಸಿಲಿಕಾ ಜೆಲ್ ಯಾವ ಡಬ್ಬಿಯಲ್ಲಿದೆ, ಎಷ್ಟು ದಿನಕ್ಕೊಮ್ಮೆ ಬಿಸಿ ಮಾಡಿ ಒಣಗಿಸುತ್ತಾರೆ? ಇಬ್ಬರು ಹುಡುಗರು ನೋಟ್‌ಬುಕ್ ಹಿಡಿದು ಅವರ ಮನೆಯ ಜಗಲಿಯಲ್ಲಿ ಕೂರಲಿ. ‘ಏನೂ ಬೇಡ’ ಎನ್ನುವವರು ಇದಕ್ಕೆ ಬೇಡ ಎನ್ನುವುದನ್ನು ನಾನಂತೂ ಕಂಡಿಲ್ಲ.

ಬಿನ್ನವತ್ತಳೆಯಲ್ಲಿ ‘ಅಪಾರ’, ‘ನಿಸ್ವಾರ್ಥ’ ಇದ್ದರೆ ಹೊಡೆದುಹಾಕಿ. ಯಾವ ಶಾಲೆ, ಯಾವ ದಿನ, ಎಷ್ಟು ಮಕ್ಕಳು ಎಂಬುದನ್ನು ಅಕ್ಕನ ಲೆಕ್ಕದ ಪುಸ್ತಕದಿಂದಲೇ ಓದಿ.

ಅಕ್ಕ ಎಂದಾಗ ನೆನಪಾಯಿತು. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಇಲ್ಲಿ ಶಿವಮೊಗ್ಗದಲ್ಲಿ ಸೂರ್ಯ ಕುಡುಗೋಲಿನಂತಾಗಿದ್ದ. ನಮ್ಮ ಬೀದಿಯ ಮನೆಗಳೆಲ್ಲ ಬಾಗಿಲು ಹಾಕಿದ್ದವು. ಮೈದಾನದಲ್ಲಿ ಹೆಂಗಸೊಬ್ಬರು ಮಕ್ಕಳಿಗೆ ಮಂಡಕ್ಕಿ ಹಂಚುತ್ತ, ಎಲ್ಲರಿಗೂ ಕಾಣುವಂತೆ ತಾವೂ ತಿನ್ನುತ್ತ ನಿಂತಿದ್ದರು. ಮರುದಿನ ಪತ್ರಿಕೆಯಲ್ಲಿ ಟೆಲಿಸ್ಕೋಪ್ ಹಿಡಿದವರ ಚಿತ್ರ ಬಂತು, ಮಂಡಕ್ಕಿಯವರದು ಬರಲಿಲ್ಲ. ನಿಮ್ಮ ವೇದಿಕೆಯಲ್ಲಿ ಅಕ್ಕನ ಕುರ್ಚಿಯನ್ನು ಮೊದಲು ಹಾಕಿಸಿ.