ಪಿಎಚ್‌ಡಿ ಗೈಡ್ ತಿಂಗಳುಗಟ್ಟಲೆ ಸಿಗುತ್ತಿಲ್ಲ, ಏನು ಮಾಡಲಿ?

ಸುಮ್ನೆ ಕಾಯಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಪಿಎಚ್‌ಡಿಗೆ ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಆಮೇಲೆ ಮರುನೋಂದಣಿ ಬೇಕಾಗುತ್ತದೆ. ಕಳೆದುಹೋದ ತಿಂಗಳುಗಳ ನಷ್ಟ ಗೈಡ್‌ಗಲ್ಲ, ನಿಮಗೇ.

ಕೆಲವು ಗೈಡ್‌ಗಳಿಗೆ ನಿಜಕ್ಕೂ ಹೊರೆ ಜಾಸ್ತಿ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8 ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು, ಜೊತೆಗೆ ಪಾಠ, ಪರೀಕ್ಷೆ, ಸಮಿತಿಗಳು. ಹಾಗಾಗಿ "ಸರ್, ಯಾವಾಗ ಸಿಗ್ತೀರಿ?" ಎಂದು ಕೇಳುವ ಬದಲು ಎರಡು ಪುಟ ಬರೆದು ಕಳಿಸಿ. ಕೊನೆಯಲ್ಲಿ ಒಂದೇ ಒಂದು ಖಚಿತ ಪ್ರಶ್ನೆ ಇರಲಿ: ಈ ಮಾದರಿ ಸಾಕೇ, ಈ ಅಧ್ಯಾಯ ಎರಡಾಗಬೇಕೇ? ಅಂಥ ಪ್ರಶ್ನೆಗೆ ಉತ್ತರಿಸುವುದು ಸುಲಭ. ಭೇಟಿಯಾದ ದಿನವೇ, ಮಾತಾಡಿದ್ದನ್ನು ನಾಲ್ಕು ಸಾಲಿನಲ್ಲಿ ಇಮೇಲ್ ಮಾಡಿ. ಮುಂದೆ ತಕರಾರು ಬಂದರೆ ನಿಮ್ಮ ಕೈಯಲ್ಲಿ ಉಳಿಯುವ ದಾಖಲೆ ಅದೇ.

ಆದರೂ ಉತ್ತರ ಬರಲಿಲ್ಲವೇ? ಪ್ರತಿ ವಿದ್ಯಾರ್ಥಿಗೂ ಸಂಶೋಧನಾ ಸಲಹಾ ಸಮಿತಿ ಇರಬೇಕು. ಪ್ರತಿ ಸೆಮಿಸ್ಟರ್ ನೀವು ಅದರ ಮುಂದೆ ಪ್ರಗತಿ ವರದಿ ಮಂಡಿಸಬೇಕು, ಸಮಿತಿಯ ಶಿಫಾರಸಿನ ಪ್ರತಿ ನಿಮಗೂ ಸಿಗಬೇಕು. ಗೈಡ್ ಅವರೇ ಅದರ ಸಂಚಾಲಕರು, ಕಷ್ಟ ಇರುವುದು ಅಲ್ಲೇ. ಅದಕ್ಕೇ ಉಳಿದ ಸದಸ್ಯರ ಪರಿಚಯ ಮೊದಲ ವರ್ಷದಲ್ಲೇ ಮಾಡಿಕೊಳ್ಳಿ, ನಿಮ್ಮ ಬರಹ ತೋರಿಸಿ. ಗೈಡ್ ಬೆನ್ನ ಹಿಂದೆ ದೂರು ಹೇಳುವುದಲ್ಲ ಇದು. ಸಮಿತಿ ಇರುವುದೇ ಇದಕ್ಕೆ ಅಲ್ವಾ?

ಗೈಡ್ ಬದಲಾವಣೆ ಕೊನೆಯ ದಾರಿ. ಅದಕ್ಕೆ ವಿಭಾಗದ ಮುಖ್ಯಸ್ಥರಿಗೆ ಲಿಖಿತ ಅರ್ಜಿ ಕೊಡಿ. ವಿಷಯ ತೀರಾ ಮುಂದುವರಿಯುವ ಮೊದಲೇ ಕೊಡುವುದು ಒಳ್ಳೆಯದು.