ಹಳೇದು ಕೊಚ್ಚಿಹೋಗ್ತಿದೆ, ಪಕ್ಕದಲ್ಲೇ ಹೊಸ ಚೆಕ್ ಡ್ಯಾಂ ಎದ್ದಿದೆ: ಓದುಗರೊಬ್ಬರ ಕಾಗದಕ್ಕೆ ಸಂಪಾದಕರ ಉತ್ತರ

ಹೊಸದುರ್ಗ ತಾಲೂಕಿನ ರೈತರೊಬ್ಬರು ಮೂರು ಪುಟದ ಕಾಗದ ಕಳ್ಸಿದಾರೆ. ವಯಸ್ಸು ಅರವತ್ತೆರಡು ಅಂತ ಬರ್ದಿದಾರೆ, ಹೆಸರು ಊರು ಹಾಕ್ಬೇಡಿ ಅಂದಿದಾರೆ. ಅದ್ರ ಸಾರ ಇಷ್ಟು. ಅವರೂರ ಹಳ್ಳಕ್ಕೆ ಹನ್ನೆರಡು ವರ್ಷದ ಹಿಂದೆ ಜಲಾನಯನ (ಬಿದ್ದ ಮಳೆ ನೀರು, ಮಣ್ಣು ಉಳಿಸೋ ಸರ್ಕಾರಿ ಯೋಜನೆ) ದುಡ್ಡಲ್ಲಿ ಕಟ್ಟಿದ ಚೆಕ್ ಡ್ಯಾಂ ಒಂದು ಪಕ್ಕ ಕೊರೆದು ಹೋಗಿದೆ, ಮಳೆ ಬಂದ್ರೆ ನೀರು ಗೋಡೆ ಬಿಟ್ಟು ಪಕ್ಕದ ಹೊಲದ ಮಣ್ಣನ್ನೇ ಕಿತ್ಕೊಂಡು ಹೋಗುತ್ತೆ, ರಿಪೇರಿ ಮಾಡ್ಸಿ ಅಂತ ಎರಡು ಸಲ ಅರ್ಜಿ ಕೊಟ್ರೆ ರಿಪೇರಿಗೆ ದುಡ್ಡಿಲ್ಲ ಅಂದ್ರಂತೆ. ಹೋದ ವರ್ಷ ನೋಡಿದ್ರೆ ಕೂಗಳತೆ ದೂರದಲ್ಲಿ ಹೊಸ ಚೆಕ್ ಡ್ಯಾಂ. ಈ ಸಣ್ಣಪುಟ್ಟ ಕೆಲಸಕ್ಕೆ ಸುರಿಯೋ ಜನರ ದುಡ್ಡು ನಿಲ್ಸಿ, ಎಲ್ಲಾನೂ ಭದ್ರಾ ನದಿ ನೀರು ಎತ್ತಿ ತರೋ ಭದ್ರಾ ಮೇಲ್ದಂಡೆ ಯೋಜನೆಗೆ ಹಾಕಿ, ನೀರು ಬಂದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋದು ಅವ್ರ ವಾದ.

ಹಿರಿಯರೇ, ನಿಮ್ಮ ಸಿಟ್ಟು ನಂಗೆ ಪೂರ್ತಿ ಅರ್ಥ ಆಗುತ್ತೆ, ಕಾಗದ ಓದಿ ಎರಡು ದಿನ ಅದೇ ತಲೇಲಿತ್ತು. ಆದ್ರೆ ನೀವು ಹೇಳೋ ಪರಿಹಾರಕ್ಕೆ ನಾನು ಒಪ್ಪಲ್ಲ.

ಮೊದ್ಲು ಒಂದು ಮಾತು. ರಿಪೇರಿಗೆ ದುಡ್ಡಿಲ್ಲ ಅಂತ ಅಧಿಕಾರಿಗಳು ಹೇಳಿದ್ದು ಬಹುಶಃ ಸುಳ್ಳಲ್ಲ. ನಿಮ್ಮೂರ ಕೆಲಸ ಆದ ಕಾಲಕ್ಕೆ ಜಲಾನಯನದ ಮಾರ್ಗಸೂಚಿ ಅಂದ್ರೆ 2008ರದ್ದು, 2011ರಲ್ಲಿ ತಿದ್ದಿದ್ದು. ಅದ್ರಲ್ಲಿ ನೂರು ರೂಪಾಯಿ ಹೆಂಗೆ ಹಂಚಿದಾರೆ ನೋಡಿ. ಬದು, ಚೆಕ್ ಡ್ಯಾಂ, ಹೊಂಡ ಇಂಥ ಕೆಲಸಕ್ಕೆ 56 ರೂಪಾಯಿ, ಆಡಳಿತಕ್ಕೆ 10, ಜೀವನೋಪಾಯಕ್ಕೆ 9, ಬೆಳೆ ಸುಧಾರಣೆ, ಸಣ್ಣ ಉದ್ಯಮಕ್ಕೆ 10, ತರಬೇತಿಗೆ 5, ಹಿಂಗೆ ಹೋಗ್ತಾ ಹೋಗ್ತಾ ಕೊನೇಗೆ ಎಲ್ಲಾ ಕೆಲಸ ಮುಗಿಸಿ ಊರಿಗೆ ವಹಿಸಿಕೊಡೋ ಹಂತಕ್ಕೆ ಉಳಿಯೋದು 3. ಪ್ರಾಜೆಕ್ಟ್ ಮುಗೀತು ಅಂದ್ರೆ ಆ ಮೂರು ರೂಪಾಯಿನೂ ಮುಗೀತು. ಕಟ್ಟೋಕೆ ಎಸ್ಟಿಮೇಟ್ ಇದೆ, ಟೆಂಡರ್ ಇದೆ, ಬಿಲ್ ಇದೆ, ಉದ್ಘಾಟನೆ ಕಲ್ಲೂ ಇದೆ. ಕೊರೆದು ಹೋದ ದಡಕ್ಕೆ ನಾಲ್ಕು ಲೋಡ್ ಸೈಜುಗಲ್ಲು ಹಾಕ್ಸೋಕೆ ಮಾತ್ರ ಈ ಹಂಚಿಕೆಯ ಯಾವ ಲೆಕ್ಕದಲ್ಲೂ ಜಾಗ ಇಲ್ಲ. ಹಂಗಾಗಿ ಹಳೇದನ್ನ ಉಳಿಸೋದಕ್ಕಿಂತ ಹೊಸದು ಮಂಜೂರು ಮಾಡ್ಸೋದೇ ಸುಲಭ ಆಗ್ಬಿಡುತ್ತೆ. ಪ್ರಾಮಾಣಿಕ ಅಧಿಕಾರಿ ಕೈಲೂ ಇದೇ ಆಗೋದು.

ನಮ್ಮ ಹಿಂದಿನವ್ರು ಈ ವಿಷಯದಲ್ಲಿ ನಮಗಿಂತ ಮುಂದೆ ಇದ್ರು. ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಅಂತ ಮಾತು ಬರ್ತವಲ್ಲ, ಅವೆಲ್ಲ ಕೆರೆ ಕಟ್ಟಿದವ್ರಿಗೆ, ನೋಡ್ಕೊಳ್ಳೋರಿಗೆ ಅಂತ ಬಿಟ್ಟುಕೊಟ್ಟ ಭೂಮಿ ಅಥವಾ ಹುಟ್ಟುವಳಿಯ ಪಾಲು. ಹೂಳು ಹೊರೋ ಬಂಡಿಗೆ ಅಂತಲೇ ದತ್ತಿ ಬಿಟ್ಟ ಶಾಸನ ಕೂಡ ಇವೆ. ಅಂದ್ರೆ ಕೆರೆ ಕಟ್ಟಿಸಿದ ದಿನವೇ, ಇದ್ರ ಹೂಳು ತೆಗೆಯೋನಿಗೆ ವರ್ಷಾ ವರ್ಷ ಊಟ ಎಲ್ಲಿಂದ ಅನ್ನೋದು ಕಲ್ಲಿನ ಮೇಲೆ ತೀರ್ಮಾನ ಆಗಿರೋದು, ಮುಂದಿನ ರಾಜ ಯಾರೇ ಬಂದ್ರೂ ಅದು ನಿಲ್ಲಬಾರದು ಅಂತ.

ಕೆರೆ ಕಾದು ನೀರು ಬಿಡೋ ನೀರಗಂಟಿ ಇದ್ದದ್ದೂ ಹಂಗೇ. ನಮ್ಮೂರಲ್ಲಿ ನಾನು ಚಿಕ್ಕವನಿದ್ದಾಗ ಒಬ್ಬ ಅಜ್ಜ ಇದ್ರು, ಮಳೆ ರಾತ್ರಿ ಕಂಬಳಿ ಕೊಪ್ಪೆ ಹಾಕ್ಕೊಂಡು ಕಂದೀಲು ಹಿಡಿದು ಏರಿ ಮೇಲೆ ಓಡಾಡೋರು, ಎಲ್ಲಾದ್ರೂ ಇಲಿ ಬಿಲದಿಂದ ನೀರು ಜಿನುಗ್ತಿದ್ಯಾ ನೋಡೋಕೆ. ಆ ಒಂದು ಬಿಲ ಬೆಳಗಾಗೋದ್ರೊಳಗೆ ಏರಿನೇ ಒಡೀಬಹುದು. ಅವ್ರ ಮನೆಗೆ ಇನಾಂ ಜಮೀನು ಇತ್ತು, ಸುಗ್ಗೀಲಿ ಕಣದಲ್ಲಿ ಕಾಳು ಅಳೆದು ಕೊಡೋರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ವಂಶಪಾರಂಪರ್ಯದ ಹುದ್ದೆಗಳು ಹೋದ್ವು. ಹೋಗಿದ್ದು ಸರಿಯಾಗೇ ಇದೆ, ಆ ಚಾಕರಿ ಒಂದೇ ಜಾತಿಯ ಬೆನ್ನ ಮೇಲೆ ತಲೆಮಾರುಗಟ್ಟಲೆ ಹೇರಿದ್ದು, ಅದು ಇರಲೇಬಾರದಿತ್ತು. ಆದ್ರೆ ಆ ಕೆಲಸಕ್ಕೆ ಸಂಬಳ ಕೊಟ್ಟು, ಯಾವ ಜಾತಿಯೋರಾದ್ರೂ ಬನ್ನಿ ಅಂತ ಒಬ್ಬರನ್ನ ನೇಮಿಸಬೇಕಿತ್ತಲ್ವಾ? ಹುದ್ದೆ ಹೋಯ್ತು, ಬಹಳಷ್ಟು ಊರಲ್ಲಿ ಕೆಲಸ ಯಾರ ಹೆಸರಿಗೂ ಬರಲಿಲ್ಲ. ನಂಗೆ ಈಗ್ಲೂ ಸಂಕಟ ಆಗೋದು ಇದಕ್ಕೇ.

ಈಗ ಭದ್ರಾ ವಿಷಯಕ್ಕೆ ಬರ್ತೀನಿ. ಭದ್ರಾ ಮೇಲ್ದಂಡೆ ಬೇಡ ಅಂತ ನಾನು ಯಾವತ್ತೂ ಅಂದಿಲ್ಲ, ನಿಮ್ಮ ಜಿಲ್ಲೆ ಅದಕ್ಕಾಗಿ ಎಷ್ಟು ವರ್ಷ ಹೋರಾಡಿದೆ ಅಂತ ಗೊತ್ತು, 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಓದಿದಾಗ ಚಿತ್ರದುರ್ಗದಲ್ಲಿ ಎಷ್ಟು ಖುಷಿ ಆಯ್ತು ಅಂತಾನೂ ಗೊತ್ತು. ಯೋಜನೆಯ ಪರಿಷ್ಕೃತ ಅಂದಾಜು 21,473 ಕೋಟಿ, ನೀರುಣಿಸೋದು ಸುಮಾರು 2.25 ಲಕ್ಷ ಹೆಕ್ಟೇರ್‌ಗೆ, ಲೆಕ್ಕ ಹಾಕಿದ್ರೆ ಹೆಕ್ಟೇರಿಗೆ ಒಂಬತ್ತೂವರೆ ಲಕ್ಷ ಬೀಳುತ್ತೆ. ಜಲಾನಯನ ಕೆಲಸಕ್ಕೆ 2021ರಲ್ಲಿ ನಿಗದಿಯಾದ ದರ ಬಯಲು ಸೀಮೇಲಿ ಹೆಕ್ಟೇರಿಗೆ 22,000, ಮುಂಚೆ 12,000 ಇತ್ತು. ಎರಡೂ ಒಂದೇ ಕೆಲಸ ಅಲ್ಲ, ಒಂದು ಹೊರಗಿಂದ ನೀರು ತರುತ್ತೆ, ಇನ್ನೊಂದು ಬಿದ್ದ ಮಳೆ ಹಿಡಿದಿಡುತ್ತೆ, ಹಂಗಾಗಿ ಒಂದಕ್ಕೊಂದು ತಕ್ಕಡೀಲಿ ಇಡೋದು ನ್ಯಾಯ ಅಲ್ಲ ಅಂತ ಒಪ್ತೀನಿ. ಆದ್ರೆ ಆ 22,000ನೂ ಕಿತ್ತು ಕಾಲುವೆಗೆ ಹಾಕಿದ್ರೆ ಕಾಲುವೆಗೆ ಏನೂ ಗೊತ್ತಾಗಲ್ಲ, ಮಳೆ ನಂಬಿರೋ ಹೊಲಗಳಿಗೆ ಮಾತ್ರ ಇದ್ದ ಒಂದೇ ಆಸರೆ ಹೋಗುತ್ತೆ. ಕಾಲುವೆ ಎಲ್ಲರ ಹೊಲಕ್ಕೂ ಬರಲ್ಲ ಹಿರಿಯರೇ, ಎತ್ತರದಲ್ಲಿರೋ ಹೊಲಕ್ಕೆ ಅದು ಹತ್ತೋದೇ ಇಲ್ಲ.

ಇನ್ನೂ ಒಂದು ಮಾತು, ಭದ್ರಾ ನೀರು ಬರೋದು ಎಲ್ಲಿಗೆ? ಆ ಯೋಜನೇಲೇ 367 ಕೆರೆ ತುಂಬಿಸೋ ಮಾತಿದೆ. ತೂಬು ಒಡೆದು, ಕೋಡಿ ಕುಸಿದು, ಏರಿ ತುಂಬಾ ಜಾಲಿ ಬೆಳೆದಿರೋ ಕೆರೆಗೆ ಅಷ್ಟು ದೂರದಿಂದ ಕರೆಂಟ್ ಖರ್ಚು ಮಾಡಿ ಎತ್ತಿ ತಂದ ನೀರು ಬಿಟ್ರೆ ಅದು ಎಷ್ಟು ದಿನ ನಿಲ್ಲುತ್ತೆ ಹೇಳಿ. ಮೇಲಿನ ಹಳ್ಳದ ಚೆಕ್ ಡ್ಯಾಂ ಒಡೆದಿದ್ರೆ ಮೊದಲ ಮಳೆಗೇ ಹೂಳು ಬಂದು ಅದೇ ಕೆರೇಲಿ ಕೂರುತ್ತೆ.

ಹಂಗಂತ ಸರ್ಕಾರದ ದುಡ್ಡು ಯಾವತ್ತೂ ವ್ಯರ್ಥ ಆಗಿದೆ ಅಂತಲೂ ಅಲ್ಲ. 2001ರಿಂದ ಸುಜಲ ಯೋಜನೆ ನಿಮ್ಮ ಚಿತ್ರದುರ್ಗ, ಕೋಲಾರ, ತುಮಕೂರು, ಹಾವೇರಿ, ಧಾರವಾಡ ಐದು ಜಿಲ್ಲೇಲಿ ವಿಶ್ವಬ್ಯಾಂಕ್ ಸಾಲದಲ್ಲಿ ನಡೀತು, ಸ್ವಸಹಾಯ ಸಂಘ ಕಟ್ಟಿ, ರೈತರನ್ನ ಕೂರಿಸಿ ಯಾರ ಹೊಲದಲ್ಲಿ ಏನು ಅಂತ ಮಾತಾಡಿ ಮಾಡಿದ್ರು. ಜನ ಕೂತು ಮಾತಾಡಿದ ಕಡೆ ಬದು ಉಳಿದಿದೆ, ಕಂಟ್ರಾಕ್ಟರ್ ಒಬ್ಬನೇ ಬಂದು ಹೋದ ಕಡೆ ಉಳಿದಿಲ್ಲ, ನಾನು ಓಡಾಡಿ ನೋಡಿದ್ದು ಇಷ್ಟು.

ನಿಮ್ಮಿಂದ ಒಂದು ಕೆಲಸ ಆಗ್ಬೇಕು. ಅದೇ ಮಾರ್ಗಸೂಚೀಲಿ ಜಲಾನಯನ ಅಭಿವೃದ್ಧಿ ನಿಧಿ ಅಂತ ಒಂದಿದೆ. ಖಾಸಗಿ ಜಮೀನಲ್ಲಿ ಮಾಡಿದ ಬದು, ಹೊಂಡದ ಕೆಲಸಕ್ಕೆ ರೈತರಿಂದ ಕನಿಷ್ಠ ಶೇ. 10, ಪರಿಶಿಷ್ಟರು ಮತ್ತೆ ಸಣ್ಣ, ಅತಿ ಸಣ್ಣ ರೈತರಿಂದ ಶೇ. 5 ವಂತಿಗೆ ತಗೊಂಡು ಬ್ಯಾಂಕಲ್ಲಿ ಬೇರೆ ಖಾತೆ ಮಾಡಿ ಇಡ್ಬೇಕು. ಪ್ರಾಜೆಕ್ಟ್ ಮುಗಿದ ಮೇಲೆ ಊರಿನ ಸಾಮೂಹಿಕ ಆಸ್ತಿ ನೋಡ್ಕೊಳ್ಳೋಕೇ ಅಂತ ಇರೋ ದುಡ್ಡು ಅದು. ಸ್ವಂತ ಹೊಲದ ಬದು ರಿಪೇರಿಗೆ ತೆಗೆಯೋ ಹಂಗಿಲ್ಲ, ಹಳ್ಳದ ಚೆಕ್ ಡ್ಯಾಂಗೆ ತೆಗೀಬಹುದು. ಎಷ್ಟೋ ಊರಲ್ಲಿ ಜಲಾನಯನ ಸಮಿತಿ ಮಲಗಿದೆ, ಖಾತೆ ಇದೆ ಅನ್ನೋದೇ ಮರೆತು ಹೋಗಿದೆ. ನೀವೂ ಆಗ ವಂತಿಗೆ ಕಟ್ಟಿರ್ತೀರ, ನೆನಪು ಮಾಡ್ಕೊಳ್ಳಿ.

ಮುಂದಿನ ಗ್ರಾಮಸಭೇಲಿ ಎದ್ದು ನಿಂತು ಆ ಖಾತೆ ಪಾಸ್‌ಬುಕ್ ಕೇಳಿ, ಪಿಡಿಒ ಹತ್ರ ಇಲ್ಲ ಅಂದ್ರೆ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ. ಜೊತೆಗೆ ಒಂದು ನಿರ್ಣಯ ಬರೆಸಿ, ನಮ್ಮೂರಿಗೆ ಈ ಹಳ್ಳದಲ್ಲಿ ಹೊಸ ಚೆಕ್ ಡ್ಯಾಂ ಬೇಡ, ಹಳೇದು ರಿಪೇರಿ ಆಗೋವರೆಗೂ ಬೇಡ ಅಂತ. ಹೊಸ ಕೆಲಸ ಬೇಡ ಅಂತ ಊರೇ ನಿರ್ಣಯ ಮಾಡೋದು ಅಪರೂಪ, ಅದಕ್ಕೆ ಅದು ಮೇಲಿನವ್ರ ಟೇಬಲ್ಲಲ್ಲಿ ಕಣ್ಣಿಗೆ ಬೀಳುತ್ತೆ. ಖಾತೇಲಿ ಎಷ್ಟು ಸಿಕ್ತು ಅಂತ ಬರೀರಿ, ಕೊರೆದ ದಡದ ಫೋಟೋನೂ ಒಂದು ಕಳ್ಸಿ, ಎರಡನ್ನೂ ಇದೇ ಪುಟದಲ್ಲಿ ಹಾಕ್ತೀವಿ. ಬೇರೆ ಊರಿನೋರು ಯಾರಾದ್ರೂ ಆ ನಿಧಿಯಿಂದ ದುಡ್ಡು ತೆಗೆದು ರಿಪೇರಿ ಮಾಡ್ಸಿದ್ರೆ ಅವ್ರೂ ಬರೀಲಿ, ಎಷ್ಟು ಖರ್ಚಾಯ್ತು, ಸಹಿ ಯಾರ್‍ಯಾರದ್ದು ಬೇಕಾಯ್ತು ಅನ್ನೋದರ ಸಮೇತ.