ಚಿಕ್ಕಪ್ಪನ ಡೇರಿ, ನನ್ನ ಥೀಸಿಸ್

ಮೇಡಂ, ನನಗೆ 29 ವರ್ಷ. ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಹಳ್ಳಿಯವಳು. ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ, ಇದು ನಾಲ್ಕನೇ ವರ್ಷ. ಹೊಸ ತಂತ್ರಜ್ಞಾನ ಬಂದಾಗ ಸಂಸ್ಥೆಯೊಳಗೆ ಏನೇನು ಬದಲಾಗುತ್ತದೆ ಎನ್ನುವುದು ನನ್ನ ವಿಷಯ. ಹಳ್ಳಿ ಡೇರಿಗಳಿಗೆ ಬಂದಿರುವ ಕಂಪ್ಯೂಟರ್ ತಕ್ಕಡಿ, ಹಾಲು ಪರೀಕ್ಷೆ ಮಾಡುವ ಯಂತ್ರ, ಚೀಟಿ ಮುದ್ರಿಸುವ ಮಿಷನ್ ಇವನ್ನೇ ಇಟ್ಟುಕೊಂಡು 11 ಡೇರಿಗಳಲ್ಲಿ ಮಾಹಿತಿ ಕಲೆಹಾಕಿದ್ದೇನೆ. ಅದರಲ್ಲಿ ಒಂದಕ್ಕೆ ನನ್ನ ಚಿಕ್ಕಪ್ಪನೇ 22 ವರ್ಷದಿಂದ ಸೆಕ್ರೆಟರಿ. ಉಳಿದ ಹತ್ತು ಕಡೆ ನನಗೆ ಬಾಗಿಲು ತೆಗೆಸಿದವರೂ ಅವರೇ. ಅಪ್ಪ ತೀರಿಕೊಂಡ ಮೇಲೆ ನನ್ನ ಎಂಬಿಎ ಫೀಸಿಗೆ ಕಡಸು ಮಾರಿದವರು.

ಅವರ ಡೇರಿಯ ಟೆಸ್ಟರ್ ಒಂದು ಸಂಜೆ, ಯಾರಿಗೂ ಹೇಳುವುದಿಲ್ಲ ಎಂದು ಮಾತು ತೆಗೆದುಕೊಂಡು, ಒಂದು ವಿಷಯ ಹೇಳಿದರು. ಕರೆಂಟ್ ಹೋದಾಗ ಲೆಕ್ಕವನ್ನು ಕೈಯಿಂದ ಹಾಕಲು ಯಂತ್ರದಲ್ಲಿ ದಾರಿ ಇದೆ. ಕರೆಂಟ್ ಇದ್ದ ದಿನವೂ ಕೆಲವರ ಹಾಲಿಗೆ ಹಾಗೆ ಕೈಯಿಂದ ಫ್ಯಾಟು, ಅಂದರೆ ದರ ನಿರ್ಧರಿಸುವ ಕೊಬ್ಬಿನಂಶ, ಏರಿಸಿ ಹಾಕಲಾಗುತ್ತಿದೆ. ದಾಖಲೆಯಲ್ಲಿ ಕೈಲೆಕ್ಕಕ್ಕೆ ಬೇರೆ ಗುರುತು ಬೀಳುವುದರಿಂದ ನಾನೇ ನೋಡಿದೆ, ಮಾತು ನಿಜ. ಒಬ್ಬ ನಿರ್ದೇಶಕರ ಭಾವಮೈದುನನ ಹೆಸರು ಮತ್ತೆ ಮತ್ತೆ ಬರುತ್ತದೆ. ಒಂದೊಂದೇ ಹಸು ಇರುವ ಇಬ್ಬರು ವಿಧವೆಯರ ಹೆಸರೂ ಇದೆ.

ಗೈಡ್‌ಗೆ ಸೂಚ್ಯವಾಗಿ ಹೇಳಿದರೆ, ‘ಅದು ಊರ ರಾಜಕೀಯ. 300 ಪ್ರಶ್ನಾವಳಿ ತುಂಬಿಸು, ವಿಶ್ಲೇಷಣೆ ಮಾಡು, ಮುಗಿಸು’ ಎಂದರು. ಅಮ್ಮನಿಗೆ ಹೇಳಿದರೆ, ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂದು ಅತ್ತಳು. ಬರೆದರೆ ಚಿಕ್ಕಪ್ಪನ ಮಾನ ಹೋಗುತ್ತದೆ, ಬಿಟ್ಟರೆ ನನ್ನ ಥೀಸಿಸ್ ಸುಳ್ಳಾಗುತ್ತದೆ. ರಾತ್ರಿ ನಿದ್ದೆ ಬರುತ್ತಿಲ್ಲ.

— ಹೆಸರು ಬೇಡ

ನೋಡಮ್ಮಾ, ನೀನು ನನ್ನ ಮಗಳಿಗಿಂತ ಚಿಕ್ಕವಳು, ಏಕವಚನದಲ್ಲೇ ಬರೆಯುತ್ತೇನೆ.

ನಿನ್ನ ಪತ್ರದಲ್ಲಿ ಊರಿನ ಹೆಸರಿತ್ತು, ತೆಗೆದೆ. ತಾಲ್ಲೂಕು ತೆಗೆದೆ. ಟೆಸ್ಟರ್‌ಗೆ ಊರವರು ಇಟ್ಟಿರುವ ಅಡ್ಡಹೆಸರು ತೆಗೆದೆ. ಅಷ್ಟಾದರೂ ಸಮಾಧಾನವಾಗದೆ ಒಂದೆರಡು ವಿವರಗಳನ್ನು ಬೇಕೆಂದೇ ಬದಲಾಯಿಸಿದ್ದೇನೆ, ಯಾವುವು ಎಂದು ಇಲ್ಲಿ ಹೇಳುವುದಿಲ್ಲ. ಎರಡು ಪುಟದ ಕಾಗದಕ್ಕೇ ಇಷ್ಟು ಕೆಲಸ ಹಿಡಿಯಿತು. ನಿನ್ನ ಥೀಸಿಸ್ ಇನ್ನೂರು ಮುನ್ನೂರು ಪುಟ ಇರುತ್ತದೆ, ಮುಗಿದ ಮೇಲೆ ದೇಶದ ಥೀಸಿಸ್‌ಗಳನ್ನೆಲ್ಲ ಇಡುವ ಶೋಧಗಂಗಾ ಜಾಲತಾಣಕ್ಕೆ ಹೋಗುತ್ತದೆ, ಅಲ್ಲಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಿಮ್ಮ ಡೇರಿ ಅಧ್ಯಕ್ಷರ ಮಗನೂ ಇಳಿಸಿಕೊಳ್ಳಬಹುದು.

ಪೂರ್ತಿ ಪತ್ರದಲ್ಲಿ ನೀನು ಚಿಕ್ಕಪ್ಪನ ಮಾನದ ಬಗ್ಗೆ ಒಂದು ಪುಟ ಬರೆದಿದ್ದೀ, ಟೆಸ್ಟರ್ ಬಗ್ಗೆ ನಾಲ್ಕೇ ಸಾಲು. ನನಗೆ ಮೊದಲು ಕಾಣುತ್ತಿರುವುದು ಆ ಮನುಷ್ಯ. ಒಂದು ಡೇರಿಗೆ ಒಬ್ಬನೇ ಟೆಸ್ಟರ್. ‘ಡೇರಿ-ಅ ದಲ್ಲಿ ಒಬ್ಬ ಸಿಬ್ಬಂದಿ ಹೀಗೆಂದರು’ ಎಂದು ನೀನು ಎಷ್ಟೇ ಮುಸುಕು ಹಾಕಿ ಬರೆದರೂ ಊರಿಗೆ ಗೊತ್ತಾಗುತ್ತದೆ. ಅದರ ಮೇಲೆ ಕೃತಜ್ಞತೆಯ ಪುಟ ಬೇರೆ. ಅಲ್ಲಿ ನೀನು ಖಂಡಿತ ‘ನನ್ನ ಪ್ರೀತಿಯ ಚಿಕ್ಕಪ್ಪ, ಇಂಥ ಊರಿನ ಡೇರಿ ಕಾರ್ಯದರ್ಶಿ’ ಎಂದು ಬರೆಯುತ್ತೀ. ಮೂರನೇ ಅಧ್ಯಾಯದಲ್ಲಿ 11 ಊರುಗಳಿಗೂ ಚುಕ್ಕಿ ಇಟ್ಟ ನಕ್ಷೆ ಹಾಕುತ್ತೀ. ಇವೆರಡನ್ನೂ ಜೋಡಿಸಿಕೊಳ್ಳಲು ಯಾರಿಗೂ ಪಿಎಚ್‌.ಡಿ. ಬೇಕಿಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬ್ಯಾಂಕುಗಳಲ್ಲಿ ಲೆಡ್ಜರ್ ಹೋಗಿ ಕಂಪ್ಯೂಟರ್ ಬರುತ್ತಿದ್ದ ಕಾಲದಲ್ಲಿ ನಾನೊಂದು ಸಣ್ಣ ಅಧ್ಯಯನ ಮಾಡಿದ್ದೆ, ತುಮಕೂರು ಕಡೆಯ ಒಂದು ಶಾಖೆಯಲ್ಲಿ. ಅಲ್ಲಿನ ಹಳೆಯ ಗುಮಾಸ್ತರೊಬ್ಬರು ದಿನವೂ ಟೀ ತರಿಸಿಕೊಟ್ಟು, ಕಂಪ್ಯೂಟರ್ ಲೆಕ್ಕಕ್ಕೂ ಲೆಡ್ಜರ್ ಲೆಕ್ಕಕ್ಕೂ ತಾಳೆ ಬೀಳದ ಸಂಜೆಗಳಲ್ಲಿ ಮೇಲಿನವರು ಏನು ಮಾಡುತ್ತಿದ್ದರು ಎಂದು ವಿವರಿಸಿದ್ದರು. ವರದಿಯಲ್ಲಿ ಅವರ ಹೆಸರು ಎಲ್ಲೂ ಬರೆಯಲಿಲ್ಲ, ಕೊನೆಯ ಪುಟದ ವಂದನೆಯಲ್ಲಿ ಮಾತ್ರ ಬರೆದೆ. ಮುಂದಿನ ವರ್ಷ ಹೋದಾಗ ಅವರ ಕುರ್ಚಿಯಲ್ಲಿ ಬೇರೆಯವರಿದ್ದರು. ಅವರನ್ನು ದೂರದ ಶಾಖೆಗೆ ವರ್ಗ ಮಾಡಿದ್ದರು. ನನ್ನ ವರದಿಯಿಂದಲೇ ಹಾಗಾಯಿತೋ ಏನೋ, ಕೇಳುವ ಧೈರ್ಯ ಬರಲಿಲ್ಲ. ಈಗಲೂ ಯಾರಾದರೂ ಟೀ ಲೋಟದ ಮೇಲೆ ಬಿಸ್ಕತ್ತು ಇಟ್ಟು ಕೊಟ್ಟರೆ ಅವರು ನೆನಪಾಗುತ್ತಾರೆ.

ಹಾಗಾಗಿ ಟೆಸ್ಟರ್ ಹೇಳಿದ ಮಾತು, ಅವರು ಹೇಳಿದ ರೂಪದಲ್ಲಿ, ಥೀಸಿಸ್‌ಗೆ ಹೋಗಬಾರದು. ಮಾತು ಕೊಟ್ಟಿದ್ದೀ. ಗೈಡ್‌ಗೂ ಅಮ್ಮನಿಗೂ ಎಷ್ಟು ಹೇಳಿದ್ದೀಯೋ ಗೊತ್ತಿಲ್ಲ, ಆಗಿದ್ದು ಆಯಿತು, ಇನ್ನು ಬೇಡ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಅಲ್ಲಿ ನೀನು ಬಂಗಾರ ಸಿಕ್ಕಿದ್ದನ್ನು ಕಳ್ಳಮಾಲು ಸಿಕ್ಕಿದ ಹಾಗೆ ಹಿಡಿದುಕೊಂಡು ಕೂತಿದ್ದೀ.

ಯಂತ್ರ ಬರುವ ಮೊದಲು ನಿಮ್ಮ ಡೇರಿಯಲ್ಲಿ ಫ್ಯಾಟು ನೋಡುತ್ತಿದ್ದುದು ಹೇಗೆ? ನಾನು ನೋಡಿದ ಡೇರಿಗಳಲ್ಲೆಲ್ಲ ಗರ್ಬರ್ ವಿಧಾನ. ಕೊಬ್ಬು ಅಳೆಯುವ ಗಾಜಿನ ಕೊಳವೆ ಬ್ಯೂಟಿರೋಮೀಟರಿಗೆ 10 ಮಿ.ಲೀ. ಸಲ್ಫ್ಯೂರಿಕ್ ಆಸಿಡ್, ಅದರ ಮೇಲೆ 10.75 ಮಿ.ಲೀ. ಹಾಲು, ಒಂದು ಮಿ.ಲೀ. ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಕುಲುಕಿದರೆ ಬಟ್ಟೆ ಸುತ್ತಿ ಹಿಡಿಯಬೇಕಾದಷ್ಟು ಬಿಸಿ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಗರಗರ ತಿರುಗಿಸಿ, ಕಿರಿದಾದ ಕತ್ತಿನಲ್ಲಿ ನಿಂತ ಹಳದಿ ಕೊಬ್ಬಿನ ಗೆರೆಯನ್ನು ಬೆಳಕಿಗೆ ಹಿಡಿದು ಓದಬೇಕು. ಆಸಿಡ್ ಸಿಡಿದು ಟೆಸ್ಟರ್‌ಗಳ ಅಂಗಿಯ ತುಂಬ ಸಾಸಿವೆ ಕಾಳಿನಷ್ಟು ತೂತು. ಆ ಗೆರೆಯನ್ನು 3.4 ಎಂದು ಓದಬೇಕೋ 3.6 ಎಂದು ಓದಬೇಕೋ ಎನ್ನುವುದು ಅವರ ಕಣ್ಣಿಗೆ ಬಿಟ್ಟಿದ್ದು. ಆ ಕಣ್ಣಲ್ಲಿ ವಿಜ್ಞಾನವೂ ಇತ್ತು, ದಾಕ್ಷಿಣ್ಯವೂ ಇತ್ತು, ಒಂದಿಷ್ಟು ಗತ್ತೂ ಇತ್ತು. ಊರ ಗೌಡರೂ ಟೆಸ್ಟರನ್ನು ಮಾತನಾಡಿಸಿಕೊಂಡು ಹೋಗುತ್ತಿದ್ದರು.

ಈಗ ಯಂತ್ರಕ್ಕೆ ಹಾಲು ಹೀರಿಸಿದರೆ ಅಂಕಿ ತಾನೇ ಬರುತ್ತದೆ. ಟೆಸ್ಟರ್ ಗುಂಡಿ ಒತ್ತುವವರಾದರು. ಆದರೆ ದಾಕ್ಷಿಣ್ಯ ಊರು ಬಿಟ್ಟು ಹೋಗಲಿಲ್ಲ, ಜಾಗ ಬದಲಾಯಿಸಿತು. ಗಾಜಿನ ಕತ್ತು ಓದುವವರ ಕಣ್ಣಲ್ಲಿದ್ದದ್ದು ಪಾಸ್‌ವರ್ಡ್ ಇಟ್ಟುಕೊಂಡವರ ಬೆರಳಿಗೆ ಬಂತು. ಜೊತೆಗೆ ಮೊದಲಿಲ್ಲದ ಒಂದು ಕಷ್ಟವೂ ಬಂತು: ಈಗ ಅದಕ್ಕೆ ದಾಖಲೆಯಲ್ಲಿ ಗುರುತು ಬೀಳುತ್ತದೆ. ಕಣ್ಣಿನ ದಾಕ್ಷಿಣ್ಯಕ್ಕೆ ಯಾವ ಗುರುತೂ ಇರಲಿಲ್ಲ. ‘ಹೊಸ ತಂತ್ರಜ್ಞಾನ ಬಂದಾಗ ಸಂಸ್ಥೆಯೊಳಗೆ ಏನು ಬದಲಾಗುತ್ತದೆ’ ಎಂದು ನಾಲ್ಕು ವರ್ಷದಿಂದ ಕೇಳುತ್ತಿದ್ದೀಯಲ್ಲ, ಬದಲಾದದ್ದು ಇದೇ.

ಟೆಸ್ಟರ್ ನಿನಗೆ ಇದನ್ನು ಯಾಕೆ ಹೇಳಿದರು ಎಂದು ಯೋಚಿಸಿದೆಯಾ? ಸತ್ಯದ ಮೇಲಿನ ಪ್ರೀತಿಯಿಂದಲೂ ಇರಬಹುದು. ಕಳೆದುಕೊಂಡ ಗತ್ತಿನ ಸಂಕಟದಿಂದಲೂ ಇರಬಹುದು. ಅದರಿಂದ ಅವರ ಮಾತು ಸುಳ್ಳಾಗುವುದಿಲ್ಲ, ಆದರೆ ಆ ಸಂಕಟವೂ ನಿನ್ನ ಅಧ್ಯಯನದ ವಸ್ತುವೇ.

ನಿನ್ನ ಗೈಡ್ ಹೇಳಿದ್ದನ್ನೂ ತಳ್ಳಿಹಾಕಬೇಡ. ಪ್ರಶ್ನಾವಳಿ ಎಂದರೆ ಅವರ ಮನಸ್ಸಿನಲ್ಲಿರುವುದು ಬಹುಶಃ ಡೇವಿಸ್ ಎಂಬ ಸಂಶೋಧಕರು 1989ರಲ್ಲಿ ಮಂಡಿಸಿದ ಮಾದರಿ. ಯಂತ್ರ ಉಪಯುಕ್ತವೆಂದು ಜನಕ್ಕೆ ಅನಿಸುತ್ತದೆಯೇ, ಬಳಸಲು ಸುಲಭವೆಂದು ಅನಿಸುತ್ತದೆಯೇ, ಈ ಎರಡರಿಂದ ಅವರು ಅದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಅಳೆಯುವುದು. ನಮ್ಮ ಕಡೆ ಮ್ಯಾನೇಜ್‌ಮೆಂಟ್ ಥೀಸಿಸ್‌ಗಳು ಈ ಎರಡು ಪ್ರಶ್ನೆಯಲ್ಲೇ ಮುಳುಗಿ ಏಳುತ್ತಿರುತ್ತವೆ. ಅದು ತಪ್ಪಲ್ಲ, ಸಾಲದು ಅಷ್ಟೆ. ಡೇರಿಗೆ ಹಾಲು ಹಾಕುವವರಿಗೆ ಯಂತ್ರ ಒಪ್ಪುವ ಬಿಡುವ ಆಯ್ಕೆಯೇ ಇಲ್ಲವಲ್ಲ, ‘ನೀವು ಇದನ್ನು ಬಳಸಲು ಇಚ್ಛಿಸುತ್ತೀರಾ, 1ರಿಂದ 5’ ಎಂದು ಕೇಳಿದರೆ ಹಾಲು ಹಾಕಲು ಬಂದ ಅಜ್ಜಿ ಏನೆನ್ನಬೇಕು?

ಗೈಡ್ ಎದುರು ಜಗಳಕ್ಕೆ ನಿಲ್ಲಬೇಡ. 300 ಪ್ರಶ್ನಾವಳಿ ತುಂಬಿಸಿ ಒಂದು ಅಧ್ಯಾಯ ಮಾಡಿಕೊಡು. ಇನ್ನೊಂದು ಅಧ್ಯಾಯಕ್ಕೆ ಅನುಮತಿ ಕೇಳುವಾಗ ಎರಡು ಅಧ್ಯಯನಗಳನ್ನು ಕೈಯಲ್ಲಿ ಹಿಡಿದುಕೊಂಡು ಹೋಗು. ಒಂದು, ಸ್ಟೀಫನ್ ಬಾರ್ಲಿ 1986ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಮಸಾಚುಸೆಟ್ಸ್‌ನ ಎರಡು ಆಸ್ಪತ್ರೆಗಳಿಗೆ ಒಂದೇ ಬಗೆಯ ಸಿ.ಟಿ. ಸ್ಕ್ಯಾನರ್ ಬಂತು. ಒಂದು ಕಡೆ ಯಂತ್ರ ನಡೆಸುವ ತಂತ್ರಜ್ಞರ ಸ್ವಾತಂತ್ರ್ಯ ಹೆಚ್ಚಿತು, ಇನ್ನೊಂದು ಕಡೆ ನಿರ್ಧಾರಗಳು ಹೆಚ್ಚಾಗಿ ಡಾಕ್ಟರರ ಕೈಯಲ್ಲೇ ಉಳಿದವು. ಯಂತ್ರ ಒಂದೇ, ಮನೆತನ ಬೇರೆ. ನಿನ್ನ 11 ಡೇರಿಗಳಲ್ಲೂ ಹೀಗೇ ಇರುತ್ತದೆ, ನೋಡು.

ಎರಡನೆಯದು 1951ರದ್ದು, ಟ್ರಿಸ್ಟ್ ಮತ್ತು ಬ್ಯಾಮ್‌ಫರ್ತ್ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದದ್ದು. ಮೊದಲು ಇಬ್ಬರು ಮೂವರ ಸಣ್ಣ ಗುಂಪು ಸೇರಿಕೊಂಡು ಕಡಿಯುವುದರಿಂದ ಹಿಡಿದು ತುಂಬುವವರೆಗೆ ಎಲ್ಲ ತಾವೇ ಮಾಡುತ್ತಿದ್ದರು. ಯಂತ್ರ ಬಂದ ಮೇಲೆ ಕೆಲಸವನ್ನು ಪಾಳಿಗಳಿಗೆ ತುಂಡುಮಾಡಿ ಹಂಚಿದರು. ಗುಂಪು ಒಡೆಯಿತು, ಗೈರುಹಾಜರಿ ಹೆಚ್ಚಿತು, ನಿರೀಕ್ಷಿಸಿದಷ್ಟು ಕಲ್ಲಿದ್ದಲೂ ಬರಲಿಲ್ಲ. ನಿನಗೆ ಇದನ್ನು ಹೇಳಲು ಬೇರೆ ಕಾರಣವಿದೆ. ಬ್ಯಾಮ್‌ಫರ್ತ್ ಸ್ವತಃ ವರ್ಷಗಟ್ಟಲೆ ಗಣಿಯಲ್ಲಿ ದುಡಿದವರು. ನಿನ್ನ ಹಾಗೆ ಒಳಗಿನವರು. ತಮ್ಮವರ ಬಗ್ಗೆಯೇ ಬರೆದರು, ಯಾರ ಮೇಲೂ ಬೆರಳು ತೋರಿಸಲಿಲ್ಲ. ಕೆಲಸದ ಏರ್ಪಾಡಿನ ಮೇಲೆ ತೋರಿಸಿದರು. (ಗಣಿ ಎಂದಾಗ ನನಗೆ ನಮ್ಮ ಕೆಜಿಎಫ್ ನೆನಪಾಗದೆ ಇರುವುದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ತಂತಿ ಎಳೆದು ಅಲ್ಲಿಗೆ ವಿದ್ಯುತ್ ತಂದಾಗ ಸುರಂಗದೊಳಗಿನ ಗುಂಪುಗಳಿಗೆ ಏನಾಯಿತು ಎಂದು ಆಗ ಯಾರಾದರೂ ಪಕ್ಕದಲ್ಲಿ ಕೂತು ಬರೆದಿಟ್ಟಿದ್ದರೆ!)

ಇನ್ನು ಚಿಕ್ಕಪ್ಪ. ಪತ್ರದಲ್ಲಿ ಅವರನ್ನು ಡೇರಿಯ ಯಜಮಾನನಂತೆ ಬರೆದಿದ್ದೀ. ಸೆಕ್ರೆಟರಿ ಎಂದರೆ ಆಡಳಿತ ಮಂಡಳಿಯ ಕೈಕೆಳಗಿನ ಸಂಬಳದ ನೌಕರ. ನಿರ್ದೇಶಕರ ಭಾವಮೈದುನನ ಹಾಲಿಗೆ ‘ಆಗಲ್ಲ’ ಎಂದರೆ ಮುಂದಿನ ಸಭೆಯಲ್ಲಿ ಏನಾಗುತ್ತದೆ ಎಂದು ಅವರಿಗೆ ಗೊತ್ತು. ಇದು ಕ್ಷಮೆ ಅಲ್ಲ, ಲೆಕ್ಕ. ಆ ಏರಿಸಿದ ಫ್ಯಾಟಿನ ದುಡ್ಡು ಬರುವುದಾದರೂ ಎಲ್ಲಿಂದ? ಊರೂರ ಡೇರಿಗಳಿಂದ ಹಾಲು ಕೊಳ್ಳುವ ಒಕ್ಕೂಟ ಡೇರಿಗೆ ದುಡ್ಡು ಕೊಡುವುದು ಒಟ್ಟು ಹಾಲನ್ನು ತಾನು ಪರೀಕ್ಷಿಸಿದ ಲೆಕ್ಕಕ್ಕೆ. ಒಬ್ಬರಿಗೆ ಏರಿಸಿದ್ದು ಡೇರಿಯ ಲಾಭದಲ್ಲಿ ಕಡಿಮೆಯಾಗುತ್ತದೆ, ಅಂದರೆ ಉಳಿದೆಲ್ಲ ಸದಸ್ಯರ ಬೋನಸ್ಸಿನಲ್ಲಿ.

ಆ ಇಬ್ಬರು ವಿಧವೆಯರನ್ನು ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟೆ. ನಾನು ಆ ಸಾಲಿನ ಹತ್ತಿರವೇ ನಿಂತಿದ್ದೇನೆ. ಬೇಸಿಗೆಯಲ್ಲಿ ಹಸಿಮೇವು ಇಲ್ಲದೆ ಒಣಹುಲ್ಲು ತಿಂದ ಒಂಟಿ ಹಸುವಿನ ಹಾಲಲ್ಲಿ ಡಿಗ್ರಿ, ಅಂದರೆ ಹಾಲಿನ ಗಟ್ಟಿತನದ ಅಂಕಿ, ಬೀಳುತ್ತದೆ. ಯಂತ್ರ ‘ಇಲ್ಲ’ ಎಂದರೆ ಆ ತಾಯಿ ಕ್ಯಾನ್ ಹಿಡಿದು ವಾಪಸ್ ಹೋಗಬೇಕು. ಚಿಕ್ಕಪ್ಪ ಹಾಗೆ ಕಳಿಸಲಾರದೆ ಕೈಲೆಕ್ಕ ಹಾಕಿದರೇ? ಅಥವಾ ಭಾವಮೈದುನನಿಗೆ ಒಂದು ನೆಪ ಬೇಕಿತ್ತೆಂದು ಇವರ ಹೆಸರು ಸೇರಿತೇ? ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಎರಡನ್ನೂ ಒಂದೇ ‘ಅಕ್ರಮ’ ಎಂಬ ಖಾನೆಗೆ ತುಂಬಿದರೆ ನಿನ್ನ ಥೀಸಿಸ್ ಆಗಲೂ ಸುಳ್ಳೇ.

ಒಂದನ್ನು ಮಾತ್ರ ಈ ವಾರವೇ ಪರೀಕ್ಷಿಸಿಕೋ. ಏರಿಸಿದ್ದು ಫ್ಯಾಟು ಮಾತ್ರವೋ, ಲೀಟರೂ ಏರಿದೆಯೋ? ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ ನೇರವಾಗಿ ಖಾತೆಗೆ ಹೋಗುತ್ತದೆ. ಇಲ್ಲದ ಲೀಟರಿಗೆ ಅದು ಹೋಗುತ್ತಿದ್ದರೆ ಮನೆಯೊಳಗಿನ ಮಾತಾಗಿ ಉಳಿಯುವುದಿಲ್ಲ. ಹಾಗಿದ್ದರೆ ಆ ಡೇರಿಯನ್ನು ಅಧ್ಯಯನದಿಂದ ಕೈಬಿಡು, ಚಿಕ್ಕಪ್ಪನಿಗೆ ಇದು ನಿಲ್ಲಲೇಬೇಕೆಂದು ಮುಖ ಕೊಟ್ಟು ಹೇಳು. ಅಮ್ಮ ಎರಡು ಬಗೆಯಬೇಡ ಎಂದರಲ್ಲ, ಚಿಕ್ಕಪ್ಪ ಸಿಕ್ಕಿಬೀಳುವುದನ್ನು ನೋಡುತ್ತಾ ಸುಮ್ಮನಿರುವುದೇ ಎರಡು ಬಗೆಯುವುದು.

ಲೀಟರು ಸರಿಯಿದ್ದರೆ, ಉಳಿದ ಹತ್ತು ಡೇರಿಗಳಿಗೆ ಮತ್ತೆ ಹೋಗು. ಎಲ್ಲ ಕಡೆಯೂ ಒಂದೇ ಪ್ರಶ್ನೆ ಕೇಳು: ಕೈಲೆಕ್ಕ ಯಾವಾಗ ಹಾಕುತ್ತೀರಿ, ಯಾರು ಹಾಕಬಹುದು, ಬೇಡವೆನ್ನುವ ಅಧಿಕಾರ ಯಾರಿಗಿದೆ? ಹನ್ನೊಂದೂ ಕಡೆಯ ದಾಖಲೆಯಲ್ಲಿ ಆ ಗುರುತನ್ನು ಎಣಿಸು, ಆಯಾ ದಿನ ಕರೆಂಟ್ ಇತ್ತೋ ಇಲ್ಲವೋ ನೋಡು. ಬರೆಯುವಾಗ ಹನ್ನೊಂದನ್ನೂ ಸೇರಿಸಿಯೇ ಬರೆ. ಆಗ ನಿನ್ನ ಸಾಕ್ಷಿ ದಾಖಲೆ, ಟೆಸ್ಟರ್ ಅಲ್ಲ. ನಕ್ಷೆ ತೆಗೆದುಬಿಡು. ಈ ಅಧ್ಯಯನದ ಒಂದು ಡೇರಿಗೆ ಸೆಕ್ರೆಟರಿ ನಿನ್ನ ಚಿಕ್ಕಪ್ಪನೇ ಎನ್ನುವುದನ್ನು ಗೈಡ್‌ಗೂ ನಿಮ್ಮ ಸಂಸ್ಥೆಯ ನೈತಿಕ ಸಮಿತಿಗೂ ಲಿಖಿತವಾಗಿ ತಿಳಿಸು, ನಂತರ ಯಾರೋ ಹುಡುಕಿ ತೆಗೆಯುವುದಕ್ಕಿಂತ ಅದು ವಾಸಿ. ತಡವಾಗುತ್ತದೆಂಬ ಭಯ ಬೇಡ. 2022ರ ಯುಜಿಸಿ ನಿಯಮದಡಿ ನೋಂದಣಿಯಾಗಿದ್ದರೆ 6 ವರ್ಷ ಇದೆ, ಮರುನೋಂದಣಿ ಮಾಡಿಸಿದರೆ ಇನ್ನೂ 2, ಮಹಿಳೆಯರಿಗೆ ಅದರ ಮೇಲೆ ಮತ್ತೆ 2.

ಇದೆಲ್ಲಕ್ಕೂ ಮೊದಲು ಚಿಕ್ಕಪ್ಪನ ಹತ್ತಿರ ಕೂತು ಮಾತಾಡಬೇಕು. ಬಟವಾಡೆ ದಿನ ಹೋಗಬೇಡ. ಬೆಳಗಿನ ಹಾಲು ಮುಗಿದು, ವ್ಯಾನ್ ಹೋಗಿ, ನೆಲ ತೊಳೆದಾದ ಮೇಲೆ ಹೋಗು. ಫೋನ್ ಮನೆಯಲ್ಲೇ ಇಟ್ಟು ಹೋಗು. ‘ಯಾಕೆ ಹೀಗೆ ಮಾಡಿದಿರಿ’ ಎಂದು ಶುರುಮಾಡಬೇಡ, ಟೆಸ್ಟರ್ ಹೆಸರು ಎತ್ತಲೇಬೇಡ. ‘ಚಿಕ್ಕಪ್ಪಾ, ಹನ್ನೊಂದು ಡೇರಿಯಲ್ಲೂ ಕೈಲೆಕ್ಕದ ಬಗ್ಗೆ ಕೇಳ್ತಿದೀನಿ. ಮಿಷನ್ನು ಬೇಡ ಅಂದ ಹಾಲನ್ನ ನೀವು ಏನ್ ಮಾಡ್ತೀರಿ?’ ಎಂದು ಕೇಳು. ಇಪ್ಪತ್ತೆರಡು ವರ್ಷದಲ್ಲಿ ಇದನ್ನು ಅವರಿಗೆ ಯಾರೂ ಕೇಳಿರಲಾರರು. ಹೇಳಿದರೆ ಹೇಳಲಿ. ರೇಗಿದರೆ ಎದ್ದು ಬಾ, ಚಿಕ್ಕಮ್ಮ ಕೊಟ್ಟ ಕಾಫಿ ಕುಡಿದೇ ಬಾ.

ಮರೆತಿದ್ದೆ. ಟೆಸ್ಟರ್ ಮಾತು ರೆಕಾರ್ಡ್ ಆಗಿದೆ, ತಮ್ಮನೂ ಬಳಸುವ ಲ್ಯಾಪ್‌ಟಾಪಿನಲ್ಲಿದೆ, ಕಡತಕ್ಕೆ ಅವರ ಹೆಸರೇ ಇಟ್ಟಿದ್ದೇನೆ ಎಂದು ಕೊನೆಯಲ್ಲಿ ಬರೆದಿದ್ದೀ. ಇದನ್ನು ಓದಿದ ಕೂಡಲೇ ಹೋಗಿ ಅದನ್ನು ಅಳಿಸು.